ಬಾಟಲಿಯಲ್ಲಿ ಹಾಲು ಕುಡಿಯುವ ಎಳೆಗೂಸಿಗೆ ಒಂದು ಸಲಕ್ಕೆ ಎಷ್ಟು ಹಾಲು ಬೇಕು?

ಎಳೆಗೂಸಿಗೆ ಬಾಟಲಿಯಲ್ಲಿ ಹಾಲು ಕುಡಿಸುವವರನ್ನು ದಿನವಿಡೀ ಕಾಡುವ ಪ್ರಶ್ನೆಯೆಂದರೆ, ಈ ಸಲ ಎಷ್ಟು ಮಿಲಿಲೀಟರ್ ಹಾಲು ಸಿದ್ಧಪಡಿಸಬೇಕು ಎಂಬುದು. ತಾಯಿಯ ಎದೆಯಿಂದ ನೇರವಾಗಿ ಕುಡಿಯುವ ಮಗು ಎಷ್ಟು ಕುಡಿಯಿತೆಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಾಟಲಿಯ ಮೈಮೇಲೆ ಗೆರೆಗಳಿರುವುದರಿಂದ ಕುಡಿದದ್ದೂ ಉಳಿದದ್ದೂ ಎದ್ದು ಕಾಣುತ್ತವೆ, ಉಳಿದದ್ದನ್ನು ಕಂಡಾಗ ಆತಂಕ ಶುರುವಾಗುತ್ತದೆ. ಮಗುವಿನ ತೂಕದಿಂದ ಇಡೀ ದಿನದ ಹಾಲನ್ನು ಅಂದಾಜು ಮಾಡಬಹುದು, ಆ ಅಂದಾಜು ಉಪಯುಕ್ತವೂ ಹೌದು. ಆದರೆ ಒಂದೊಂದು ಹೊತ್ತಿನಲ್ಲಿ ಎಷ್ಟು ಕುಡಿಯಬೇಕೆಂದು ನಿರ್ಧರಿಸುವುದು ಮಗುವೇ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನಡೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಲ್ಲಿ ಕೊಟ್ಟಿರುವ ಅಂಕಿಗಳು ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಶಿಶುಗಳಿಗೆ ಅನ್ವಯಿಸುತ್ತವೆ. ಅವಧಿಗೆ ಮುನ್ನ ಹುಟ್ಟಿದ, ಹುಟ್ಟುವಾಗಲೇ ತೂಕ ಬಹಳ ಕಡಿಮೆಯಿದ್ದ, ಅಥವಾ ಹೃದಯ, ಮೂತ್ರಪಿಂಡ ಮುಂತಾದವುಗಳ ತೊಂದರೆಯಿರುವ ಮಗುವಿಗೆ ಹಾಲಿನ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡುತ್ತಾರೆ, ಅಂಥ ಮನೆಯವರು ಆ ಪ್ರಮಾಣವನ್ನೇ ಅನುಸರಿಸಬೇಕು.

ಮೊದಲ ವಾರ

ಹುಟ್ಟಿದ ದಿನ ಮಗುವಿಗೆ ಬೇಕಾಗುವ ಹಾಲು ಅಚ್ಚರಿಯಾಗುವಷ್ಟು ಕಡಿಮೆ. ಅದರ ಹೊಟ್ಟೆ ಬಹಳ ಚಿಕ್ಕದಾಗಿರುತ್ತದೆ, ಮೊದಲ ದಿನಗಳಲ್ಲಿ ತಾಯಿಯಲ್ಲಿ ಬರುವ ಗಟ್ಟಿಯಾದ ಹಳದಿ ಹಾಲು ಕೂಡ ಹೊತ್ತಿಗೆ ಕೆಲವೇ ಚಮಚಗಳಷ್ಟಿರುತ್ತದೆ. ಪುಡಿ ಹಾಲನ್ನೇ (ಅಂದರೆ ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ ಪುಡಿಯಿಂದ ಕಲಸಿದ ಹಾಲನ್ನೇ) ಕೊಡಬೇಕಾದ ಸಂದರ್ಭದಲ್ಲಿ ಮೊದಲ ದಿನ ದೇಹತೂಕದ ಪ್ರತಿ ಕಿಲೋಗೆ ಸುಮಾರು 60 ಮಿ.ಲೀ. ಎಂದು ಲೆಕ್ಕ ಹಾಕಿ, ಅದನ್ನು ದಿನಕ್ಕೆ 20 ಮಿ.ಲೀ.ಯಂತೆ ಏರಿಸುತ್ತ ಹೋಗಿ, ಮೊದಲ ವಾರ ಮುಗಿಯುವ ಹೊತ್ತಿಗೆ ಕಿಲೋಗೆ 150 ಮಿ.ಲೀ.ಗೆ ತಲುಪಿಸುವುದು ಸಾಮಾನ್ಯ ಕ್ರಮ. 3 ಕಿಲೋ ತೂಕದ ಮಗುವಿಗೆ ಇದನ್ನು ಅನ್ವಯಿಸಿದರೆ ಮೊದಲ ದಿನದ ಒಟ್ಟು ಹಾಲು 180 ಮಿ.ಲೀ. ಆಗುತ್ತದೆ, ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 20 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು. ಎರಡನೆಯ ದಿನ ಅದೇ ಮಗುವಿಗೆ ಸಲಕ್ಕೆ 30 ಮಿ.ಲೀ., ನಾಲ್ಕನೆಯ ದಿನ 45 ಮಿ.ಲೀ., ವಾರದ ಕೊನೆಗೆ 55 ಮಿ.ಲೀ. ಆಸುಪಾಸು ಬರುತ್ತದೆ. ಒಟ್ಟಾರೆ ಹೇಳುವುದಾದರೆ, ಮೊದಲ ಒಂದೆರಡು ದಿನ ಕಳೆದ ಮೇಲೆ ಎರಡು ಮೂರು ಗಂಟೆಗೊಮ್ಮೆ 30ರಿಂದ 60 ಮಿ.ಲೀ. ಕುಡಿಯುವ ಹಸುಗೂಸು ಸರಿಯಾಗಿಯೇ ಕುಡಿಯುತ್ತಿದೆ ಎಂದರ್ಥ.

ಮೊದಲ ದಿನಗಳಲ್ಲಿ ಮಗುವಿನ ತೂಕ ತುಸು ಇಳಿಯುವುದು ಸಹಜ. ಹುಟ್ಟುವಾಗಿದ್ದ ತೂಕದ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದು, ಎರಡು ವಾರ ತುಂಬುವುದರೊಳಗೆ ಅದು ಮತ್ತೆ ಬರುತ್ತದೆ. ಆ ತೂಕ ಮರಳಿ ಬರುವ ತನಕ ಮಗು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮಲಗಿದರೆ ಎಬ್ಬಿಸಿ ಹಾಲು ಕೊಡಬೇಕು. ಚೆನ್ನಾಗಿ ನಿದ್ದೆ ಮಾಡುತ್ತಿದೆಯಲ್ಲ ಎಂದು ಬಿಟ್ಟರೆ, ಹಾಲು ಸಾಲದೆ ಸೋತ ಮಗು ಇನ್ನಷ್ಟು ಮಲಗುತ್ತದೆ. ಈ ಎರಡು ವಾರಗಳಲ್ಲಿ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ತೂಕದಿಂದ ಲೆಕ್ಕ ಹಾಕುವ ಬಗೆ

ಮೊದಲ ವಾರ ಕಳೆದ ಮೇಲೆ ಪುಡಿ ಹಾಲು ಕುಡಿಯುವ ಮಗುವಿಗೆ ದಿನವೊಂದಕ್ಕೆ, ಅಂದರೆ 24 ಗಂಟೆಗೆ, ದೇಹತೂಕದ ಪ್ರತಿ ಕಿಲೋಗೆ 150 ಮಿ.ಲೀ. ಎಂಬುದು ನೆನಪಿಡಲು ಸುಲಭವಾದ ಅಳತೆ. ಕೆಲವು ಮಕ್ಕಳು ಕಿಲೋಗೆ 200 ಮಿ.ಲೀ. ವರೆಗೂ ಕುಡಿಯುತ್ತಾರೆ, ಅದೂ ಸಹಜವೇ. ಲೆಕ್ಕ ಹೀಗಿರುತ್ತದೆ: ಮಗುವಿನ ತೂಕ 4 ಕಿಲೋ ಇದ್ದರೆ ದಿನಕ್ಕೆ 600 ಮಿ.ಲೀ., ಅದು ಎಂಟು ಸಲ ಕುಡಿಯುವುದಾದರೆ ಸಲಕ್ಕೆ 75 ಮಿ.ಲೀ.; 5 ಕಿಲೋ ಇದ್ದು ಏಳು ಸಲ ಕುಡಿಯುವುದಾದರೆ 750 ಮಿ.ಲೀ.ಯನ್ನು ಏಳರಿಂದ ಭಾಗಿಸಬೇಕು, ಸಲಕ್ಕೆ 105 ಮಿ.ಲೀ. ಆಸುಪಾಸು ಬರುತ್ತದೆ, 6 ಕಿಲೋದ ಮಗು ದಿನಕ್ಕೆ ಆರು ಸಲ ಕುಡಿದರೆ ಸಲಕ್ಕೆ 150 ಮಿ.ಲೀ. ಹೀಗೆ ಭಾಗಿಸಿ ಬಂದ ಅಂಕಿಯು ಬಾಟಲಿಯಲ್ಲಿ ಎಷ್ಟು ಹಾಲು ಸಿದ್ಧಪಡಿಸಿದರೆ ಸಾಲುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ಮಗು ಅಷ್ಟನ್ನೂ ಕುಡಿದು ಮುಗಿಸಲೇಬೇಕೆಂದು ಹೇಳುವುದಿಲ್ಲ.

ವಯಸ್ಸಿನ ಪ್ರಕಾರ ನೋಡಿದರೆ, ಮೊದಲ ತಿಂಗಳು ಮುಗಿಯುವಾಗ ಹೆಚ್ಚಿನ ಮಕ್ಕಳು ಮೂರು ನಾಲ್ಕು ಗಂಟೆಗೊಮ್ಮೆ 90ರಿಂದ 120 ಮಿ.ಲೀ. ಕುಡಿಯುತ್ತಾರೆ. ಎರಡು ತಿಂಗಳ ಹೊತ್ತಿಗೆ ಅದು 120ರಿಂದ 150 ಮಿ.ಲೀ. ಆಗಿ, ನಾಲ್ಕು ತಿಂಗಳಿಗೆ 120ರಿಂದ 180 ಮಿ.ಲೀ. ನಡುವೆ ನಿಂತು, ಆರು ತಿಂಗಳ ಮಗು ದಿನಕ್ಕೆ ನಾಲ್ಕೈದು ಸಲ ಮಾತ್ರ, ಸಲಕ್ಕೆ 180ರಿಂದ 240 ಮಿ.ಲೀ. ಕುಡಿಯುವ ಮಟ್ಟಕ್ಕೆ ಬರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೂಕದ ಲೆಕ್ಕವನ್ನು 7 ಕಿಲೋ, 8 ಕಿಲೋ ಮಗುವಿಗೂ ಹಾಗೆಯೇ ಹಚ್ಚುತ್ತ ಹೋದರೆ ದಿನದ ಹಾಲು ಒಂದು ಲೀಟರನ್ನು ದಾಟಿಬಿಡುತ್ತದೆ. ಮಗು ದೊಡ್ಡದಾದಂತೆ ಅದು ಬೆಳೆಯುವ ವೇಗ ತಗ್ಗುವುದರಿಂದ ಪ್ರತಿ ಕಿಲೋಗೆ ಬೇಕಾಗುವ ಹಾಲು ಕಡಿಮೆಯಾಗುತ್ತದೆ. ಆದ್ದರಿಂದ ಪುಡಿ ಹಾಲು ದಿನಕ್ಕೆ ಸುಮಾರು 960 ಮಿ.ಲೀ. ಮೀರುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕಿಂತ ಹೆಚ್ಚನ್ನು ಮಗು ದಿನವೂ ಕೇಳುತ್ತಿದ್ದರೆ ಮಕ್ಕಳ ವೈದ್ಯರೊಂದಿಗೆ ಮಾತನಾಡುವುದು ಒಳ್ಳೆಯದು.

ತೆಗೆದಿಟ್ಟ ಎದೆಹಾಲನ್ನು ಬಾಟಲಿಯಲ್ಲಿ ಕೊಡುವವರಿಗೆ ಲೆಕ್ಕ ಬೇರೆ. ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲು ಕುಡಿಯುವ ಮಗುವಿನ ದಿನದ ಪ್ರಮಾಣ ಹೆಚ್ಚೇನೂ ಏರುವುದಿಲ್ಲ. ಅದು ಸರಾಸರಿ 750 ಮಿ.ಲೀ. ಸುತ್ತಮುತ್ತ ಇರುತ್ತದೆ, ಮಗುವಿನಿಂದ ಮಗುವಿಗೆ 600ರಿಂದ 900 ಮಿ.ಲೀ. ವರೆಗೆ ವ್ಯತ್ಯಾಸವಾಗಬಹುದು. 750ನ್ನು ಮಗು ದಿನಕ್ಕೆ ಕುಡಿಯುವ ಸಲಗಳಿಂದ ಭಾಗಿಸಿದರೆ ಒಂದು ಸಲದ ಅಂದಾಜು ಸಿಗುತ್ತದೆ, ಬಹುತೇಕ ಮಕ್ಕಳಲ್ಲಿ ಅದು 90ರಿಂದ 120 ಮಿ.ಲೀ. ನಡುವೆ ಬರುತ್ತದೆ. ಕೆಲಸಕ್ಕೆ ಮರಳಿದ ತಾಯಂದಿರು ನಾಲ್ಕು ತಿಂಗಳ ಮಗುವಿಗೆ 180 ಮಿ.ಲೀ. ಬೇಕೆಂಬ ಪುಡಿ ಹಾಲಿನ ಪಟ್ಟಿಯನ್ನು ನೋಡಿ, ತಮ್ಮಲ್ಲಿ ಅಷ್ಟು ಹಾಲಿಲ್ಲವೆಂದು ಕೊರಗುವುದುಂಟು. ಆ ಪಟ್ಟಿ ಅವರಿಗಾಗಿ ಮಾಡಿದ್ದಲ್ಲ, ಆ ಕೊರಗಿಗೆ ಕಾರಣವೂ ಇಲ್ಲ.

ಮಗು ಹೇಳುವುದನ್ನು ಕೇಳುವುದು

ಹಸಿದ ಮಗು ಅಳುವುದಕ್ಕೆ ಬಹಳ ಮೊದಲೇ ತಿಳಿಸುತ್ತದೆ. ತುಟಿಗಳನ್ನು ಚಪ್ಪರಿಸುತ್ತದೆ, ನಾಲಗೆ ಹೊರಚಾಚುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಬಟ್ಟೆಯ ಅಂಚು ತಾಗಿದರೂ ಬಾಯಿ ತೆರೆದು ಆ ಕಡೆಗೆ ತಲೆ ತಿರುಗಿಸುತ್ತದೆ. ಅಳು ಬರುವುದು ಇವೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಮಗು ಗಾಬರಿಯಾಗಿ ಗಬಗಬನೆ ಹೀರಿ, ಹಾಲಿನ ಜೊತೆಗೆ ಗಾಳಿಯನ್ನೂ ನುಂಗುತ್ತದೆ. ಆದ್ದರಿಂದ ಗಡಿಯಾರಕ್ಕಿಂತ ಈ ಸೂಚನೆಗಳನ್ನು ನಂಬಿ ಹಾಲು ಕೊಡುವುದು ಉತ್ತಮ.

ಹೊಟ್ಟೆ ತುಂಬಿದ್ದನ್ನೂ ಮಗು ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ, ಆದರೆ ಆ ಮಾತನ್ನು ಕೇಳಿಸಿಕೊಳ್ಳುವವರು ಕಡಿಮೆ. ಬಾಟಲಿಯಲ್ಲಿ ಇನ್ನು 20 ಮಿ.ಲೀ. ಉಳಿದಿರುವ ಹೊತ್ತನ್ನು ಗಮನಿಸಿ ನೋಡಿ. ಹೀರುವ ವೇಗ ಇಳಿದಿರುತ್ತದೆ, ಎರಡು ಗುಟುಕಿನ ನಡುವಿನ ಬಿಡುವು ಉದ್ದವಾಗಿರುತ್ತದೆ, ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿಕೊಂಡು ಬೆರಳುಗಳು ಸಡಿಲವಾಗಿರುತ್ತವೆ, ಬಾಯಿಯ ಅಂಚಿನಿಂದ ಹಾಲಿನ ಸಣ್ಣ ಗೆರೆ ಇಳಿದು ಕುತ್ತಿಗೆಯ ಮಡಿಕೆಗೆ ಸೇರುತ್ತಿರುತ್ತದೆ. ಆಗ ಕುಡಿಸುವವರ ಕೈ ತಾನಾಗಿಯೇ ನಿಪ್ಪಲ್ ಅನ್ನು ಬಾಯೊಳಗೆ ಅಲ್ಲಾಡಿಸುತ್ತದೆ, ಅಥವಾ ಕೆನ್ನೆಯನ್ನು ತಟ್ಟುತ್ತದೆ. ಬಾಯೊಳಗೆ ಏನಾದರೂ ಅಲ್ಲಾಡಿದರೆ ಎಳೆಗೂಸು ಹೊಟ್ಟೆ ತುಂಬಿದ್ದರೂ ಹೀರುತ್ತದೆ, ಅದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಹಾಗೆ ಒಳಗೆ ಹೋದ 20 ಮಿ.ಲೀ. ಹತ್ತು ನಿಮಿಷದಲ್ಲಿ ಭುಜದ ಮೇಲಿನ ಬಟ್ಟೆಗೆ ಬಂದು ಬೀಳಬಹುದು. ಹಾಗೆ ಬೀಳದೆ ಒಳಗೇ ಉಳಿದರೂ, ಸಾಕು ಎನ್ನುವ ತನ್ನ ದೇಹದ ಮಾತಿಗೆ ಬೆಲೆಯಿಲ್ಲವೆಂಬುದನ್ನು ಮಗು ದಿನಕ್ಕೆ ಎಂಟು ಸಲ ಕಲಿಯುತ್ತ ಹೋಗುತ್ತದೆ. ಬಾಟಲಿ ಖಾಲಿಯಾಗಲೇಬೇಕೆಂಬ ಹಠವನ್ನು ಬಿಡಿ ಎಂದು ನಾನು ಪ್ರತಿಯೊಬ್ಬ ತಂದೆತಾಯಿಯನ್ನೂ ಮನಸಾರೆ ಕೇಳಿಕೊಳ್ಳುತ್ತೇನೆ. ಉಳಿದ ಹಾಲನ್ನು ಚೆಲ್ಲುವುದು ನಷ್ಟವೆನಿಸಿದರೆ, ಮುಂದಿನ ಸಲ ಕಡಿಮೆ ಸಿದ್ಧಪಡಿಸಿ, ಬೇಕಾದರೆ ಇನ್ನಷ್ಟು ಮಾಡಿಕೊಡಬಹುದು.

ಇದರ ಇನ್ನೊಂದು ಮಗ್ಗುಲೂ ಇದೆ. ಮಗು ಪೂರ್ತಿ ಕುಡಿದು ಮುಗಿಸಿ, ತೇಗು ಬಂದ ಮೇಲೂ ಬಾಯಿ ತೆರೆದು ಹುಡುಕುತ್ತಿದ್ದರೆ, ಮತ್ತು ಹೀಗೆ ಒಂದಕ್ಕಿಂತ ಹೆಚ್ಚು ಸಲ ಆದರೆ, ಮುಂದಿನ ಸಲದಿಂದ 15ರಿಂದ 30 ಮಿ.ಲೀ. ಹೆಚ್ಚಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಎರಡು ಮೂರು ವಾರಗಳ ವಯಸ್ಸಿನಲ್ಲಿ, ಆರು ವಾರಗಳ ಹೊತ್ತಿಗೆ, ಮೂರು ತಿಂಗಳ ಆಸುಪಾಸಿನಲ್ಲಿ ಹಸಿವು ಇದ್ದಕ್ಕಿದ್ದಂತೆ ಏರಿ, ಕೆಲವು ದಿನ ಹಾಗೇ ಇದ್ದು, ಮತ್ತೆ ಇಳಿಯುವುದು ಅನೇಕ ಮಕ್ಕಳಲ್ಲಿ ಕಾಣುತ್ತದೆ. ಒಂದೇ ದಿನದೊಳಗೂ ಪ್ರಮಾಣ ಒಂದೇ ಸಮ ಇರುವುದಿಲ್ಲ. ಬೆಳಗ್ಗೆ 120 ಮಿ.ಲೀ. ಕುಡಿದ ಮಗು ಮಧ್ಯಾಹ್ನ 70ಕ್ಕೆ ಮುಖ ತಿರುಗಿಸಿ, ಸಂಜೆ ಕುಡಿದ ಎರಡೇ ಗಂಟೆಯೊಳಗೆ ಮತ್ತೆ ಹಸಿಯಬಹುದು. ಹಾಗಾಗಿ ಒಂದು ಸಲದ ಹಾಲನ್ನು ನೋಡಿ ತೀರ್ಮಾನಕ್ಕೆ ಬರದೆ, 24 ಗಂಟೆಯ ಒಟ್ಟು ಮೊತ್ತವನ್ನು, ಅದೂ ಎರಡು ಮೂರು ದಿನಗಳದ್ದನ್ನು ನೋಡಬೇಕು. ಒಂದು ಹಾಳೆಯಲ್ಲಿ ಪ್ರತಿ ಸಲ ಸಿದ್ಧಪಡಿಸಿದ ಹಾಲಿನಿಂದ ಉಳಿದದ್ದನ್ನು ಕಳೆದು ಬರೆದಿಟ್ಟರೆ ಸಾಕಾಗುತ್ತದೆ.

ಹಾಲು ಕುಡಿದು ಅರ್ಧ ಗಂಟೆಯಲ್ಲೇ ಮಗು ಅತ್ತರೆ ಅದು ಹಸಿವೇ ಎಂದು ತಿಳಿಯಬೇಕಾಗಿಲ್ಲ. ಒದ್ದೆ ಡೈಪರ್, ಹೊಟ್ಟೆಯೊಳಗಿನ ಗಾಳಿ, ಸೆಕೆ, ನಿದ್ದೆ, ಎತ್ತಿಕೊಳ್ಳಬೇಕೆಂಬ ಬಯಕೆ, ಬರಿದೇ ಏನನ್ನಾದರೂ ಚೀಪಬೇಕೆಂಬ ಆಸೆ, ಇವುಗಳನ್ನೆಲ್ಲ ಒಮ್ಮೆ ನೋಡಿ, ಆಮೇಲೂ ಹಸಿವಿನ ಸೂಚನೆಗಳೇ ಕಂಡರೆ 20ರಿಂದ 30 ಮಿ.ಲೀ. ಕೊಟ್ಟು ನೋಡಬಹುದು.

ಕುಡಿಸುವ ರೀತಿ

ಎಷ್ಟು ಕುಡಿಯುತ್ತದೆ ಎಂಬುದು ಹೇಗೆ ಕುಡಿಸುತ್ತೇವೆ ಎಂಬುದನ್ನೂ ಅವಲಂಬಿಸಿದೆ. ಮಗುವನ್ನು ಅಂಗಾತ ಮಲಗಿಸದೆ, ತಲೆ ಎತ್ತರಕ್ಕಿರುವಂತೆ ತೋಳಿನಲ್ಲಿ ಆತುಕೊಂಡು, ನಿಪ್ಪಲ್‌ನಿಂದ ಮೇಲ್ತುಟಿಯನ್ನು ಮೆಲ್ಲಗೆ ತಾಗಿಸಿ, ಅದು ತಾನಾಗಿ ಬಾಯಿ ತೆರೆಯುವ ತನಕ ಕಾಯಬೇಕು. ಬಾಟಲಿಯನ್ನು ನೆಟ್ಟಗೆ ಕವುಚಿ ಹಿಡಿದರೆ ಮಗು ಹೀರದಿದ್ದರೂ ಹಾಲು ಸುರಿಯುತ್ತದೆ, ಮಗು ಉಸಿರುಗಟ್ಟದಿರಲೆಂದು ನುಂಗುತ್ತ ಹೋಗುತ್ತದೆ; ನೋಡುವವರಿಗೆ ಅದು ಬಹಳ ಹಸಿವೆಂದು ಕಾಣುತ್ತದೆ. ಬಾಟಲಿಯನ್ನು ಹೆಚ್ಚು ಕಡಿಮೆ ಅಡ್ಡಲಾಗಿ, ನಿಪ್ಪಲ್‌ನಲ್ಲಿ ಮಾತ್ರ ಹಾಲು ತುಂಬಿರುವಂತೆ ಹಿಡಿದು, ನಡುನಡುವೆ ಬಾಟಲಿಯನ್ನು ಕೆಳಗಿಳಿಸಿ ಬಿಡುವು ಕೊಟ್ಟರೆ, ಒಂದು ಸಲದ ಹಾಲು ಮುಗಿಯಲು 15ರಿಂದ 20 ನಿಮಿಷ ಹಿಡಿಯುತ್ತದೆ. ಹೊಟ್ಟೆ ತುಂಬಿದೆಯೆಂದು ಮಗುವಿಗೆ ಅನ್ನಿಸಲು ಅಷ್ಟು ಕಾಲ ಬೇಕು.

ಐದು ನಿಮಿಷಕ್ಕೇ ಬಾಟಲಿ ಖಾಲಿಯಾಗಿ, ಹಾಲು ಬಾಯಿಯಿಂದ ಹೊರಚೆಲ್ಲುತ್ತ, ಮಗು ಕೆಮ್ಮುತ್ತಿದ್ದರೆ ನಿಪ್ಪಲ್‌ನ ತೂತು ದೊಡ್ಡದಾಗಿದೆ. ಬಹಳ ಹೊತ್ತು ಹೀರಿ ಸುಸ್ತಾಗಿ, ನಿಪ್ಪಲ್ ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ ತೂತು ಚಿಕ್ಕದಾಗಿದೆ. ತೂತನ್ನು ಸೂಜಿಯಿಂದ ಹಿಗ್ಗಿಸಬಾರದು, ಸರಿಯಾದ ನಿಪ್ಪಲ್ ಬದಲಾಯಿಸಬೇಕು. ಬಾಟಲಿಗೆ ದಿಂಬು ಆನಿಸಿಟ್ಟು ಮಗುವನ್ನು ಒಂಟಿಯಾಗಿ ಕುಡಿಯಲು ಬಿಡುವುದಂತೂ ಕೂಡದು: ಹಾಲು ಉಸಿರಿನ ನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ, ಕಿವಿಯ ಸೋಂಕಿಗೂ ಅದು ದಾರಿ.

ನಡುವೆ ಒಮ್ಮೆ, ಕೊನೆಗೆ ಒಮ್ಮೆ ಭುಜಕ್ಕೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಕೆಲವು ನಿಮಿಷ ಕಾದರೂ ತೇಗು ಬಾರದಿದ್ದರೆ ಚಿಂತೆಯಿಲ್ಲ. ಕುಡಿದ ನಂತರ ಸ್ವಲ್ಪ ಹಾಲು ಕಕ್ಕುವುದು ಎಳೆಮಕ್ಕಳಲ್ಲಿ ಸಾಮಾನ್ಯ. ಬಟ್ಟೆಯ ಮೇಲೆ ಒಂದೆರಡು ಚಮಚ ಹಾಲೂ ದೊಡ್ಡ ಕಲೆಯಾಗಿ ಹರಡುವುದರಿಂದ ಕುಡಿದದ್ದೆಲ್ಲ ಹೋಯಿತೆಂಬ ಭಾವನೆ ಬರುತ್ತದೆ. ತೂಕ ಏರುತ್ತಿದ್ದು ಮಗು ಲವಲವಿಕೆಯಿಂದಿದ್ದರೆ, ಕಕ್ಕಿದಷ್ಟನ್ನು ತುಂಬಿಕೊಡಲೆಂದು ತಕ್ಷಣ ಮತ್ತೊಂದು ಬಾಟಲಿ ಹಿಡಿಯುವುದು ಬೇಡ.

ಅಳತೆ ತಪ್ಪದಂತೆ ಹಾಲು ಕಲಸುವುದು

ಮಿಲಿಲೀಟರ್ ಲೆಕ್ಕಕ್ಕೆ ಅರ್ಥ ಬರುವುದು ಹಾಲನ್ನು ಸರಿಯಾಗಿ ಕಲಸಿದಾಗ ಮಾತ್ರ. ಕೈಗಳನ್ನು ಸಾಬೂನಿನಿಂದ ತೊಳೆದು, ಶುದ್ಧೀಕರಿಸಿದ ಬಾಟಲಿಗೆ ಮೊದಲು ನೀರು ಹಾಕಿ, ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ನೋಡಿ, ಆಮೇಲೆ ಪುಡಿ ಹಾಕಬೇಕು. ಪುಡಿಯನ್ನು ಡಬ್ಬಿಯೊಳಗೇ ಇರುವ ಚಮಚದಿಂದ ತೆಗೆದು, ಒತ್ತಿ ತುಂಬದೆ, ಮೇಲೆ ಗುಪ್ಪೆಯಾಗಿ ನಿಂತದ್ದನ್ನು ಸ್ವಚ್ಛವಾದ ಚಾಕುವಿನ ಬೆನ್ನಿನಿಂದ ಸವರಿ ಸಮಮಾಡಬೇಕು. ಅನೇಕ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಚಮಚ ಎಂದಿರುತ್ತದೆ, ಆದರೆ ಎಲ್ಲದರಲ್ಲೂ ಹಾಗಿರುವುದಿಲ್ಲ. ತಂದ ಡಬ್ಬಿಯ ಮೇಲಿನ ಸೂಚನೆಯನ್ನೇ ಓದಿ ಅನುಸರಿಸಬೇಕು, ಒಂದು ಡಬ್ಬಿಯ ಚಮಚವನ್ನು ಇನ್ನೊಂದಕ್ಕೆ ಬಳಸಬಾರದು. 90 ಮಿ.ಲೀ. ನೀರಿಗೆ ಪುಡಿ ಬೆರೆತಾಗ ಹಾಲು 100 ಮಿ.ಲೀ. ಹತ್ತಿರಕ್ಕೆ ಏರುತ್ತದೆ. ಪುಡಿ ಹಾಕಿದ ಮೇಲೆ ಗೆರೆಗೆ ಸರಿಯಾಗಿ ನೀರು ತುಂಬಿಸುವವರು ಪ್ರತಿ ಸಲವೂ ಗಟ್ಟಿ ಹಾಲನ್ನೇ ಕೊಡುತ್ತಿರುತ್ತಾರೆ.

ಹಾಲು ಗಟ್ಟಿಯಾದರೆ ಮಗುವಿನ ದೇಹದಲ್ಲಿ ನೀರಿನಂಶ ಕಡಿಮೆಯಾಗಿ ಮೂತ್ರಪಿಂಡಗಳ ಮೇಲೆ ಹೊರೆ ಬೀಳುತ್ತದೆ, ಮಲಬದ್ಧತೆಯೂ ಬರಬಹುದು. ಡಬ್ಬಿ ಹೆಚ್ಚು ದಿನ ಬರಲಿ ಎಂದು ನೀರು ಹೆಚ್ಚು ಬೆರೆಸುವುದೂ ಅಪಾಯಕಾರಿ: ಹೊಟ್ಟೆ ತುಂಬಿದಂತೆ ಕಂಡರೂ ಪೋಷಣೆ ಸಿಗುವುದಿಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಇದೇ ಕಾರಣಕ್ಕೆ ಆರು ತಿಂಗಳೊಳಗಿನ ಮಗುವಿಗೆ ಬೇರೆಯಾಗಿ ನೀರು ಕೊಡಬಾರದು. ಹಸುವಿನ ಹಾಲನ್ನು ಒಂದು ವರ್ಷ ತುಂಬುವ ತನಕ ಮುಖ್ಯ ಆಹಾರವಾಗಿ ಕುಡಿಸಬಾರದು. ರಾತ್ರಿ ಚೆನ್ನಾಗಿ ಮಲಗಲೆಂದು ಬಾಟಲಿಯ ಹಾಲಿಗೆ ಧಾನ್ಯದ ಹಿಟ್ಟು ಬೆರೆಸುವುದೂ ತಪ್ಪು. ಅದರಿಂದ ನಿದ್ದೆ ಹೆಚ್ಚುವುದಿಲ್ಲ, ಉಸಿರುಕಟ್ಟುವ ಭಯ ಹೆಚ್ಚುತ್ತದೆ.

ಪುಡಿಯು ಕ್ರಿಮಿಮುಕ್ತವಾಗಿ ಬರುವುದಿಲ್ಲವೆಂಬುದು ಬಹಳ ಜನರಿಗೆ ತಿಳಿದಿಲ್ಲ. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡದೆ, ಅದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿದರೆ ಅದರಲ್ಲಿರಬಹುದಾದ ರೋಗಾಣುಗಳು ಸಾಯುತ್ತವೆ. ಎರಡು ತಿಂಗಳೊಳಗಿನ ಶಿಶುಗಳಿಗೆ ಈ ಎಚ್ಚರ ವಿಶೇಷವಾಗಿ ಅಗತ್ಯ. ಕಲಸಿದ ಬಾಟಲಿಯನ್ನು ಮುಚ್ಚಿ ತಣ್ಣೀರಿನಲ್ಲಿಟ್ಟು ತಣಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದೆರಡು ಹನಿ ಬಿಟ್ಟು, ಬಿಸಿಯಲ್ಲ ಉಗುರುಬೆಚ್ಚಗಿದೆ ಎಂದು ಖಚಿತಪಡಿಸಿಕೊಂಡೇ ಕುಡಿಸಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬಾಟಲಿ ತಣ್ಣಗಿದ್ದರೂ ಒಳಗಿನ ಹಾಲು ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿ ಮಗುವಿನ ಬಾಯಿ ಬೇಯಬಹುದು. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು. ಮಗು ಬಾಯಿ ಹಾಕಿದ ಮೇಲೆ ಒಂದು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಕು, ಏಕೆಂದರೆ ಬಾಯಿಯ ಜೊಲ್ಲು ಸೇರಿದ ಹಾಲಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ತೆಗೆದಿಟ್ಟ ತಾಜಾ ಎದೆಹಾಲು ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಮಗು ಕುಡಿದು ಉಳಿದ ಎದೆಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು.

ಹಾಲು ಸಾಲುತ್ತಿದೆಯೇ?

ಇದಕ್ಕೆ ಉತ್ತರ ಬಾಟಲಿಗಿಂತ ಡೈಪರ್‌ನಲ್ಲಿ ಹೆಚ್ಚು ಸಿಗುತ್ತದೆ. ಐದನೆಯ ದಿನದಿಂದ ಆಚೆಗೆ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಮೂತ್ರ ಮಾಡಿ, ಅದು ತಿಳಿ ಬಣ್ಣದ್ದಾಗಿದ್ದರೆ ಹಾಲು ಸಾಲುತ್ತಿದೆ. ಎರಡನೆಯ ಸಾಕ್ಷಿ ತೂಕ. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುತ್ತದೆ, ನಂತರ ಆ ವೇಗ ನಿಧಾನವಾಗುತ್ತದೆ. ಐದಾರು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ದಿನವೂ ತೂಗಿದರೆ ಮಲಮೂತ್ರದ ವ್ಯತ್ಯಾಸವೇ ದೊಡ್ಡದಾಗಿ ಕಾಣುವುದರಿಂದ, ಒಂದೆರಡು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು ತೂಗುವುದು ಸಾಕು.

ಆರು ತಿಂಗಳಾದ ಮೇಲೆ ಗಟ್ಟಿ ಆಹಾರ ಆರಂಭವಾಗುತ್ತದೆ, ಅದು ಹೆಚ್ಚಿದಂತೆ ಹಾಲು ತಾನಾಗಿಯೇ ಇಳಿಯುತ್ತ ಬರುತ್ತದೆ.

ಕೆಲವು ಲಕ್ಷಣಗಳು ಕಂಡಾಗ ಮಾತ್ರ ಲೆಕ್ಕ ಬದಿಗಿಟ್ಟು ಕೂಡಲೇ ವೈದ್ಯರ ಬಳಿಗೆ ಹೋಗಬೇಕು: ಮಗು ಒಂದರ ಹಿಂದೆ ಒಂದು ಎರಡು ಮೂರು ಹೊತ್ತು ಹಾಲನ್ನೇ ಒಲ್ಲೆನೆಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಆರರಿಂದ ಎಂಟು ಗಂಟೆ ಮೂತ್ರ ಮಾಡದಿದ್ದರೆ, ಅತ್ತಾಗ ಕಣ್ಣು, ಬಾಯಿ ಒಣಗಿದ್ದು ನೆತ್ತಿಯ ಮೆದು ಭಾಗ ಗುಳಿಬಿದ್ದಿದ್ದರೆ, ಕುಡಿದ ಹಾಲು ಪ್ರತಿ ಸಲ ದೂರಕ್ಕೆ ಚಿಮ್ಮುವಂತೆ ವಾಂತಿಯಾದರೆ, ವಾಂತಿ ಹಸಿರಾಗಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ, ಕುಡಿಯುವಾಗ ತುಟಿ ನೀಲಿಗಟ್ಟಿದರೆ ಇಲ್ಲವೆ ಬೆವತು ಏದುಸಿರು ಬಿಟ್ಟರೆ, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರವಿದ್ದರೆ. ಹೋಗುವಾಗ ಹಿಂದಿನ 24 ಗಂಟೆಯಲ್ಲಿ ಕುಡಿದ ಹಾಲಿನ ಮೊತ್ತ, ಒದ್ದೆಯಾದ ಡೈಪರ್‌ಗಳ ಸಂಖ್ಯೆ, ಎಷ್ಟು ನೀರಿಗೆ ಎಷ್ಟು ಚಮಚ ಪುಡಿ ಹಾಕುತ್ತಿದ್ದೀರಿ ಎಂಬುದನ್ನು ಬರೆದ ಹಾಳೆಯನ್ನೂ, ಸಾಧ್ಯವಾದರೆ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಇವೇ.